ಒಂದೇ ಬಟನ್ ಕಾಲದ ಆಟಗಳಿಗೆ ಇಂದಿನ ಗೇಮ್‌ಪ್ಯಾಡ್: ಕಾಮೊಡೋರ್ 64, ಸ್ಪೆಕ್ಟ್ರಮ್, ಅಮಿಗಾ ಎಮ್ಯುಲೇಟರ್‌ಗಳಲ್ಲಿ ಹೊಂದಿಸುವ ಬಗೆ

ಎಮ್ಯುಲೇಟರ್ (ಕಾಮೊಡೋರ್ 64ರಂಥ ಹಳೆಯ ಮನೆ ಕಂಪ್ಯೂಟರನ್ನು ಇಂದಿನ ಕಂಪ್ಯೂಟರ್‌ನೊಳಗೆ ನಟಿಸುವ ತಂತ್ರಾಂಶ) ತೆರೆಯಿತು, ಆಟ ಲೋಡ್ ಆಯಿತು, ಸಂಗೀತವೂ ಶುರುವಾಯಿತು. ಪರದೆಯ ಮೇಲೆ ‘ಫೈರ್ ಒತ್ತಿ’ ಎಂಬ ಸಾಲು ಮಿನುಗುತ್ತಿದೆ. ಜಪ್ಪಯ್ಯ ಅಂದರೂ ಆಟ ಮುಂದೆ ಹೋಗುವುದಿಲ್ಲ. ಆಗ ಎಲ್ಲರೂ ಓಡುವುದು ಬಟನ್ ಮ್ಯಾಪಿಂಗ್ ಪುಟಕ್ಕೆ. ಅಲ್ಲಿ ಎ ಬಟನ್ ತೆಗೆದು ಬಿ ಹಾಕುತ್ತಾರೆ, ಬಿ ತೆಗೆದು ಎಕ್ಸ್ ಹಾಕುತ್ತಾರೆ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ಹತ್ತರಲ್ಲಿ ಎಂಟು ಸಲ ತಪ್ಪಿರುವುದು ಬಟನ್‌ನಲ್ಲಲ್ಲ, ಪೋರ್ಟ್‌ನಲ್ಲಿ, ಅಂದರೆ ಜಾಯ್‌ಸ್ಟಿಕ್ ಸಿಕ್ಕಿಸುವ ಕಿಂಡಿಯಲ್ಲಿ.

ನೀವು ಒತ್ತಿದ ಬಟನ್ ನಾಲ್ಕು ಕೈ ದಾಟಿ ಆಟವನ್ನು ಮುಟ್ಟುತ್ತದೆ: ಮೊದಲು ವಿಂಡೋಸ್ ಅಥವಾ ಲಿನಕ್ಸ್, ಆಮೇಲೆ ಎಮ್ಯುಲೇಟರ್, ಆಮೇಲೆ ಎಮ್ಯುಲೇಟರ್ ಒಳಗಿರುವ ಹಳೆಯ ಯಂತ್ರದ ಪೋರ್ಟ್, ಕೊನೆಗೆ ಆಟ. ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯಬೇಕು. ಮೂರನೆಯ ಹಂತವನ್ನು ಪರೀಕ್ಷಿಸಲು ಹಳೆಯ ಯಂತ್ರದೊಳಗೇ ಒಂದು ಸಾಧನ ಇದೆ, ಅದು ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ. ಆಟ ಹಾಕುವ ಮೊದಲು ಬೇಸಿಕ್‌ನಲ್ಲಿ ಒಂದು ಸಾಲು ಬರೆದು ನೋಡಿದರೆ ಅರ್ಧ ದಿನ ಉಳಿಯುತ್ತದೆ.

ಮೊದಲು ನಿಮ್ಮ ಕಂಪ್ಯೂಟರ್ ಏನು ನೋಡುತ್ತಿದೆ?

ವಿಂಡೋಸ್‌ನಲ್ಲಿ ರನ್ ಪೆಟ್ಟಿಗೆ ತೆರೆದು ಜಾಯ್ ಡಾಟ್ ಸಿಪಿಎಲ್ ಎಂದು ಟೈಪ್ ಮಾಡಿ (ಜೆ, ಒ, ವೈ, ಚುಕ್ಕೆ, ಸಿ, ಪಿ, ಎಲ್). ಪಟ್ಟಿಯಲ್ಲಿ ನಿಮ್ಮ ಪ್ಯಾಡ್ ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಪ್ರತಿ ಬಟನ್‌ಗೂ ಒಂದು ಅಂಕಿ ಬೆಳಗುತ್ತದೆ. ಆ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಎಮ್ಯುಲೇಟರ್‌ಗಳು ಬಟನ್‌ಗಳನ್ನು ಬಹುಪಾಲು ಅಂಕಿಯಿಂದಲೇ ಗುರುತಿಸುತ್ತವೆ, ಕೆಲವು 0ಯಿಂದ ಎಣಿಸುತ್ತವೆ, ಕೆಲವು 1ರಿಂದ. ಲಿನಕ್ಸ್‌ನಲ್ಲಿ ಜೆಎಸ್‌ಟೆಸ್ಟ್-ಜಿಟಿಕೆ ಅಥವಾ ಇವಿಟೆಸ್ಟ್ ಇದೇ ಕೆಲಸ ಮಾಡುತ್ತವೆ. ಅಲ್ಲಿ ಪ್ಯಾಡ್ ಕಾಣುತ್ತಿದೆ, ಎಮ್ಯುಲೇಟರ್‌ನಲ್ಲಿ ಮಾತ್ರ ಕಾಣುತ್ತಿಲ್ಲ ಎಂದರೆ ಎರಡು ಅನುಮಾನ. ನಿಮ್ಮ ಬಳಕೆದಾರ ಖಾತೆ ಇನ್‌ಪುಟ್ ಗುಂಪಿನಲ್ಲಿ ಇಲ್ಲದಿರಬಹುದು, ಇಲ್ಲವೇ ಫ್ಲಾಟ್‌ಪ್ಯಾಕ್ (ಉಳಿದ ವ್ಯವಸ್ಥೆಯಿಂದ ಬೇಲಿ ಹಾಕಿದ ಪೊಟ್ಟಣ) ಆಗಿ ಹಾಕಿಕೊಂಡ ಎಮ್ಯುಲೇಟರ್‌ಗೆ ಸಾಧನಗಳನ್ನು ಓದುವ ಅನುಮತಿ ಇಲ್ಲದಿರಬಹುದು.

ಆಟಗಳ ಅಂಗಡಿ ತಂತ್ರಾಂಶವಾದ ಸ್ಟೀಮ್ ಹಿಂದೆ ಓಡುತ್ತಿದ್ದರೆ ಮುಚ್ಚಿಬಿಡಿ. ಅದು ಪ್ಯಾಡನ್ನು ತನ್ನ ವಶಕ್ಕೆ ತೆಗೆದುಕೊಂಡು ಕೀಬೋರ್ಡ್-ಮೌಸ್ ಆಗಿಯೋ ಇನ್ನೊಂದು ನಕಲಿ ಪ್ಯಾಡ್ ಆಗಿಯೋ ತೋರಿಸುತ್ತದೆ. ಒಂದು ಸಲ ಒತ್ತಿದ್ದು ಎರಡಾಗುವ ಕಾಟಕ್ಕೆ ಕಾರಣ ಹೆಚ್ಚಾಗಿ ಇದೇ.

ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಅಗ್ಗದ ಯುಎಸ್‌ಬಿ ಪ್ಯಾಡ್‌ಗಳಲ್ಲಿ ನಡುವೆ ‘ಅನಲಾಗ್’ ಎಂಬ ಪುಟ್ಟ ಬಟನ್ ಮತ್ತು ಕೆಂಪು ದೀಪ ಇರುತ್ತವೆ. ದೀಪ ಆರಿದ್ದಾಗ ಎಡಗೈಯ ನಾಲ್ಕು ದಿಕ್ಕಿನ ಡಿ-ಪ್ಯಾಡ್ ಎಕ್ಸ್-ವೈ ಅಕ್ಷಗಳಾಗಿ ವರದಿಯಾಗುತ್ತದೆ. ದೀಪ ಉರಿಯುವಾಗ ಅದೇ ಡಿ-ಪ್ಯಾಡ್ ‘ಹ್ಯಾಟ್’ ಎಂಬ ಬೇರೆಯೇ ಬಗೆಯ ದಿಕ್ಕಿನ ಸ್ವಿಚ್ ಆಗುತ್ತದೆ, ಎಕ್ಸ್-ವೈ ಅಕ್ಷಗಳು ಸ್ಟಿಕ್‌ಗೆ ಹೋಗುತ್ತವೆ. ಹ್ಯಾಟ್ ಓದದ ಹಳೆಯ ಎಮ್ಯುಲೇಟರ್‌ಗಳಿಗೆ ಡಿ-ಪ್ಯಾಡ್ ಸತ್ತಂತೆಯೇ. ಪ್ಯಾಡ್ ಕೆಟ್ಟಿದೆ ಎಂದು ಬಿಸಾಡುವ ಮೊದಲು ಆ ಬಟನ್ ಒಮ್ಮೆ ಒತ್ತಿ ನೋಡಿ.

ಎಕ್ಸ್‌ಬಾಕ್ಸ್ ಮಾದರಿಯ ಪ್ಯಾಡ್‌ಗಳಲ್ಲಿ ಹಿಂದಿನ ಎರಡು ಟ್ರಿಗರ್‌ಗಳಿಗೆ ಫೈರ್ ಕೊಡಬೇಡಿ. ಡೈರೆಕ್ಟ್‌ಇನ್‌ಪುಟ್ ಎಂಬ ವಿಂಡೋಸ್‌ನ ಹಳೆಯ ದಾರಿಯಿಂದ ಓದುವ ಎಮ್ಯುಲೇಟರ್‌ಗೆ ಅವೆರಡೂ ಒಂದೇ ಅಕ್ಷವಾಗಿ ಕಾಣುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಒಂದನ್ನೊಂದು ಅಳಿಸಿಹಾಕುತ್ತವೆ.

ಸ್ಟಿಕ್ ಬೇಕೋ, ಡಿ-ಪ್ಯಾಡ್ ಬೇಕೋ

ಆ ಕಾಲದ ಹೆಚ್ಚಿನ ಜಾಯ್‌ಸ್ಟಿಕ್‌ನಲ್ಲಿ ಇದ್ದದ್ದು ಐದು ಸ್ವಿಚ್: ಮೇಲೆ, ಕೆಳಗೆ, ಎಡ, ಬಲ, ಫೈರ್. ಅರ್ಧ ಒತ್ತುವುದು ಎಂಬುದೇ ಇಲ್ಲ. ಇಂದಿನ ಅನಲಾಗ್ ಸ್ಟಿಕ್‌ನಿಂದ ಈ ಐದು ಸ್ವಿಚ್ಚುಗಳನ್ನು ನಟಿಸಬೇಕಾದರೆ ‘ಎಷ್ಟು ವಾಲಿಸಿದರೆ ಒತ್ತಿದಂತೆ’ ಎಂಬ ಗೆರೆಯನ್ನು ಎಲ್ಲೋ ಎಳೆಯಲೇಬೇಕು. ಆ ಗೆರೆ ಎಲ್ಲಿದೆ ಎಂಬುದರ ಮೇಲೆ ಆಟದ ಅನುಭವವೆಲ್ಲ ನಿಂತಿದೆ.

ಲೆಕ್ಕ ಸರಳ. ಸ್ಟಿಕ್ ಅನ್ನು ಅಂಚಿನವರೆಗೆ ತಳ್ಳಿ ಸುತ್ತ ತಿರುಗಿಸುತ್ತಿದ್ದೀರಿ ಎಂದುಕೊಳ್ಳಿ. ಗೆರೆ ಪೂರ್ಣ ವಾಲಿಕೆಯ 38 ಶೇಕಡದಲ್ಲಿದ್ದರೆ ಎಂಟು ದಿಕ್ಕುಗಳಿಗೂ ಸರಿಸಮವಾಗಿ 45 ಡಿಗ್ರಿ ಸಿಗುತ್ತದೆ. 50 ಶೇಕಡಕ್ಕೆ ಏರಿಸಿದರೆ ನೇರ ದಿಕ್ಕುಗಳಿಗೆ 60 ಡಿಗ್ರಿ, ಓರೆ ದಿಕ್ಕುಗಳಿಗೆ 30 ಡಿಗ್ರಿ. 25ಕ್ಕೆ ಇಳಿಸಿದರೆ ತಿರುಗುಮುರುಗು: ನೇರಕ್ಕೆ ಬರೀ 29, ಓರೆಗೆ 61. ಈ ಯಂತ್ರಗಳ ಅಸಂಖ್ಯ ಆಟಗಳಲ್ಲಿ ಜಿಗಿಯಲು ಬೇರೆ ಬಟನ್ ಇಲ್ಲ, ಸ್ಟಿಕ್ ಮೇಲೆ ತಳ್ಳುವುದೇ ಜಿಗಿತ. ಗೆರೆ 25ರಲ್ಲಿದ್ದರೆ ಬಲಕ್ಕೆ ಓಡುತ್ತಿದ್ದ ಪಾತ್ರ ಕೈ ಚೂರು ಮೇಲೆ ಸರಿದ ಕ್ಷಣ ಜಿಗಿದು ಗುಂಡಿಗೆ ಬೀಳುತ್ತದೆ. ಜಿಗಿದಾಟಗಳಿಗೆ 50, ಎಂಟೂ ದಿಕ್ಕಿಗೆ ಗುಂಡು ಹಾರಿಸುವ ಆಟಗಳಿಗೆ 38ರ ಆಸುಪಾಸು ಇಡಿ. ಹಲವು ಎಮ್ಯುಲೇಟರ್‌ಗಳನ್ನು ಒಂದೇ ಕಡೆ ಓಡಿಸುವ ರೆಟ್ರೊಆರ್ಕ್‌ನ ಇನ್‌ಪುಟ್ ಸೆಟ್ಟಿಂಗ್‌ನಲ್ಲಿರುವ ಬಟನ್ ಆ್ಯಕ್ಸಿಸ್ ಥ್ರೆಶೋಲ್ಡ್ ಇದೇ ಗೆರೆ. ಅದರ ಮೂಲ ಬೆಲೆ 0.5.

ಡಿ-ಪ್ಯಾಡ್‌ಗೆ ಈ ತಲೆನೋವಿಲ್ಲ. ಸಂದೇಹವಿದ್ದರೆ ಡಿ-ಪ್ಯಾಡ್ ಆರಿಸಿ. ಅದು ಸಡಿಲವಾದ ಅಗ್ಗದ ಪ್ಯಾಡ್ ಆಗಿದ್ದರೆ ಮಾತ್ರ ಸ್ಟಿಕ್ಕೇ ವಾಸಿ.

ಕಾಮೊಡೋರ್ 64: ಪೋರ್ಟ್ 2 ಎಂಬ ಅಲಿಖಿತ ನಿಯಮ

1982ರ ಈ ಯಂತ್ರದ ಬಲಬದಿಯಲ್ಲಿ ಎರಡು ಕಂಟ್ರೋಲ್ ಪೋರ್ಟ್‌ಗಳಿವೆ. ಒಬ್ಬರೇ ಆಡುವ ಆಟಗಳಲ್ಲಿ ಬಹುಪಾಲು ಪೋರ್ಟ್ 2ನ್ನು ಓದುತ್ತವೆ. ಅದಕ್ಕೆ ಕಾರಣ ಇದೆ. ಪೋರ್ಟ್ 1ರ ತಂತಿಗಳೂ ಕೀಬೋರ್ಡ್‌ನ ತಂತಿಗಳೂ ಸಿಐಎ (ಕೀಬೋರ್ಡ್, ಜಾಯ್‌ಸ್ಟಿಕ್‌ಗಳನ್ನು ಓದುವ) ಚಿಪ್‌ನ ಒಂದೇ ಕಾಲುಗಳಿಗೆ ಬಂದು ಸೇರುತ್ತವೆ. ಹಾಗಾಗಿ ಪೋರ್ಟ್ 1ರ ಸ್ಟಿಕ್ ಅಲುಗಿದರೆ ಯಂತ್ರಕ್ಕೆ ಯಾರೋ ಟೈಪ್ ಮಾಡಿದಂತೆ ಕಾಣುತ್ತದೆ.

ಇದನ್ನೇ ಪರೀಕ್ಷೆಯಾಗಿ ಬಳಸಿಕೊಳ್ಳಿ. ವೈಸ್ ಎಮ್ಯುಲೇಟರ್ ತೆರೆದು ಆಟ ಹಾಕದೆ ನೀಲಿ ಪರದೆಯಲ್ಲಿಯೇ ಪ್ಯಾಡ್ ಆಡಿಸಿ. ಮೇಲೆ ಒತ್ತಿದಾಗ 1, ಬಲಕ್ಕೆ 2, ಕೆಳಗೆ ಎಡಬಾಣ, ಫೈರ್‌ಗೆ ಖಾಲಿ ಜಾಗ ಮೂಡುತ್ತಿದ್ದರೆ ನಿಮ್ಮ ಪ್ಯಾಡ್ ಪೋರ್ಟ್ 1ರಲ್ಲಿದೆ. ಎಡಕ್ಕೆ ಒತ್ತಿದಾಗ ಏನೂ ಕಾಣದು, ಅದು ಕಂಟ್ರೋಲ್ ಕೀಗೆ ಸಮ. ಏನನ್ನೂ ಟೈಪ್ ಮಾಡುತ್ತಿಲ್ಲ ಎಂದರೆ ಪೋರ್ಟ್ 2ರಲ್ಲಿದೆ ಅಥವಾ ಎಲ್ಲೂ ಇಲ್ಲ. ಯಾವುದೆಂದು ತಿಳಿಯಲು ಎರಡು ಸಾಲಿನ ಬೇಸಿಕ್ ಸಾಕು: 10ನೇ ಸಾಲಿನಲ್ಲಿ ಪ್ರಿಂಟ್ ಪೀಕ್(56320), 20ನೇ ಸಾಲಿನಲ್ಲಿ ಗೋಟು 10. ರನ್ ಕೊಟ್ಟರೆ ಅಂಕಿಗಳು ಉರುಳತೊಡಗುತ್ತವೆ.

ಸುಮ್ಮನಿದ್ದಾಗ 127
ಮೇಲೆ 126
ಕೆಳಗೆ 125
ಎಡಕ್ಕೆ 123
ಬಲಕ್ಕೆ 119
ಫೈರ್ 111

ಎರಡನ್ನು ಒಟ್ಟಿಗೆ ಒತ್ತಿದರೆ ಎರಡರ ಕಡಿತವೂ ಸೇರುತ್ತದೆ: ಮೇಲೆ ಮತ್ತು ಬಲ 118, ಮೇಲೆ ಮತ್ತು ಫೈರ್ 110. ಈಗ ಸ್ಟಿಕ್ ಅನ್ನು ಬರೀ ಬಲಕ್ಕೆ ತಳ್ಳಿ ಹಿಡಿಯಿರಿ. 119ರ ನಡುನಡುವೆ 118 ಇಣುಕಿದರೆ ಮೇಲೆ ಹೇಳಿದ ಗೆರೆ ತೀರಾ ಕೆಳಗಿದೆ ಎಂದರ್ಥ. ಕೈ ಬಿಟ್ಟ ಮೇಲೂ 127 ಬಾರದೆ 123ರಲ್ಲೇ ನಿಂತರೆ ಸ್ಟಿಕ್ ಸವೆದು ಎಡಕ್ಕೆ ವಾಲಿದೆ. ಪೋರ್ಟ್ 1ನ್ನು ಓದಲು 56321 ಹಾಕಿ, ಅಲ್ಲಿ ಸುಮ್ಮನಿದ್ದಾಗ 255 ಬರಬೇಕು.

ವೈಸ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ ಜಾಯ್‌ಸ್ಟಿಕ್ ಪುಟಕ್ಕೆ ಹೋಗಿ ಪೋರ್ಟ್ 2ಕ್ಕೆ ಪ್ಯಾಡ್ ಆರಿಸಿ, ಪೋರ್ಟ್ 1ಕ್ಕೆ ಸದ್ಯಕ್ಕೆ ನನ್ (ಯಾವುದೂ ಇಲ್ಲ) ಇಡಿ. ಆಟ ಪೋರ್ಟ್ 1 ಕೇಳುವ ಜಾತಿಯದ್ದಾದರೆ ಆಲ್ಟ್ ಮತ್ತು ಜೆ ಒತ್ತಿ, ಎರಡು ಪೋರ್ಟ್‌ಗಳೂ ಅದಲುಬದಲಾಗುತ್ತವೆ. ಎರಡಕ್ಕೂ ಒಂದೇ ಪ್ಯಾಡ್ ಕೊಟ್ಟುಬಿಡೋಣ ಎಂಬ ಜಾಣತನ ಬೇಡ. ಪೋರ್ಟ್ 1 ಕೀಬೋರ್ಡ್ ಜೊತೆ ಬೆರೆಯುವುದರಿಂದ ಆಟದ ನಡುವೆ ತಾನಾಗಿ ಪಾಸ್ (ವಿರಾಮ) ಆಗುವುದು, ಮೆನು ತೆರೆದುಕೊಳ್ಳುವುದು ಶುರುವಾಗುತ್ತದೆ.

ಪ್ಯಾಡ್ ಇಲ್ಲದವರು ಕೀಸೆಟ್ ಎ ಅಥವಾ ಬಿ ಆರಿಸಿ ಕೀಬೋರ್ಡ್‌ನ ಐದು ಕೀಗಳನ್ನೇ ಜಾಯ್‌ಸ್ಟಿಕ್ ಮಾಡಿಕೊಳ್ಳಬಹುದು. ಆದರೆ ಕೀಸೆಟ್‌ಗೆ ಕೊಟ್ಟ ಕೀಗಳು ಕಾಮೊಡೋರ್‌ನ ಕೀಬೋರ್ಡ್‌ಗೆ ತಲುಪುವುದಿಲ್ಲ. ಡಬ್ಲ್ಯೂ-ಎ-ಎಸ್-ಡಿ ಕೊಟ್ಟವರು ಲೋಡ್ ಎಂದು ಟೈಪ್ ಮಾಡಲು ಹೋದಾಗ ‘ಎ’ ಮತ್ತು ‘ಡಿ’ ಮಾಯವಾಗಿರುತ್ತವೆ. ಬಾಣದ ಕೀಗಳನ್ನೇ ಕೊಡುವುದು ಲೇಸು.

ಜಿಗಿತವನ್ನು ಬೇರೆ ಬಟನ್‌ಗೆ ಕೊಡುವುದು ಇಂದಿನ ಕೈಗಳಿಗೆ ದೊಡ್ಡ ಉಪಕಾರ. ರೆಟ್ರೊಆರ್ಕ್‌ನ ವೈಸ್ ಮತ್ತು (ಅಮಿಗಾದ) ಪಿಯುಎಇ ಕೋರ್‌ಗಳ, ಅಂದರೆ ಅದರೊಳಗೆ ಓಡುವ ಎಮ್ಯುಲೇಟರ್‌ಗಳ ಆಯ್ಕೆಗಳಲ್ಲಿ ರೆಟ್ರೊಪ್ಯಾಡ್ ಫೇಸ್ ಬಟನ್ ಎಂಬಲ್ಲಿ ಜಂಪ್ ಎಂದೇ ಒಂದು ಆಯ್ಕೆ ಇದೆ. ರೆಟ್ರೊಆರ್ಕ್ ಇಲ್ಲದೆ ಬಿಡಿಯಾಗಿ ಓಡಿಸುವ ವೈಸ್‌ನಲ್ಲಿ ಜಾಯ್‌ಸ್ಟಿಕ್ ನಕ್ಷೆಯ ಕಡತವನ್ನು ತಿದ್ದಬೇಕು. ಅಲ್ಲಿ ದಿಕ್ಕುಗಳಿಗೆ ಮೇಲೆ 1, ಕೆಳಗೆ 2, ಎಡ 4, ಬಲ 8, ಫೈರ್ 16 ಎಂಬ ಅಂಕಿಗಳಿವೆ. ಎರಡನೆಯ ಬಟನ್‌ಗೆ 1 ಕೊಟ್ಟರೆ ಅದೇ ಜಿಗಿತ. ಕಾದಾಟದ ಆಟಗಳಲ್ಲಿ ಮಾತ್ರ ಇದನ್ನು ತೆಗೆದುಹಾಕಿ. ಅಲ್ಲಿ ಫೈರ್ ಒತ್ತಿ ಹಿಡಿದು ಎಂಟು ದಿಕ್ಕಿಗೆ ತಳ್ಳುವುದೇ ಎಂಟು ಬಗೆಯ ಒದೆತ, ನಡುವೆ ಇನ್ನೊಂದು ‘ಮೇಲೆ’ ನುಸುಳಿದರೆ ಲೆಕ್ಕ ತಪ್ಪುತ್ತದೆ.

ಚೆಂಡು ಬಡಿದು ಇಟ್ಟಿಗೆ ಒಡೆಯುವ ಆಟಗಳು ಕೆಲವು ಪ್ಯಾಡಲ್ ಕೇಳುತ್ತವೆ. ಪ್ಯಾಡಲ್ ಎಂದರೆ ತಿರುಗಿಸುವ ತಿರುಪು, ಸ್ವಿಚ್ ಅಲ್ಲ. ವೈಸ್‌ನ ಕಂಟ್ರೋಲ್ ಪೋರ್ಟ್ ಪುಟದಲ್ಲಿ ಸಾಧನವನ್ನು ಜಾಯ್‌ಸ್ಟಿಕ್‌ನಿಂದ ಪ್ಯಾಡಲ್ಸ್‌ಗೆ ಬದಲಿಸಿ, ಮೌಸ್ ಗ್ರ್ಯಾಬ್ ಆನ್ ಮಾಡಿದರೆ ಮೌಸ್ಸೇ ತಿರುಪಾಗುತ್ತದೆ. ಪ್ಯಾಡಲ್‌ನ ಬಟನ್‌ಗಳು ಜಾಯ್‌ಸ್ಟಿಕ್‌ನ ಎಡ ಮತ್ತು ಬಲದ ತಂತಿಗಳಲ್ಲಿವೆ. ಪ್ಯಾಡಲ್ ಆಟದಲ್ಲಿ ಫೈರ್ ಕೆಲಸ ಮಾಡದಿದ್ದರೆ ಅಚ್ಚರಿಪಡಬೇಕಿಲ್ಲ.

ಸ್ಪೆಕ್ಟ್ರಮ್: ನಾಲ್ಕು ಬಗೆಯ ಜಾಯ್‌ಸ್ಟಿಕ್

ಇಲ್ಲಿ ಗೊಂದಲ ಬೇರೆ ತರಹದ್ದು. 1982ರ ಮೂಲ ಸ್ಪೆಕ್ಟ್ರಮ್‌ಗೆ ಜಾಯ್‌ಸ್ಟಿಕ್ ಪೋರ್ಟೇ ಇರಲಿಲ್ಲ. ಭಾರತದಲ್ಲಿ ಡೆಸಿಬೆಲ್ಸ್ ಕಂಪನಿ ಮಾರಿದ ಡಿಬಿ ಸ್ಪೆಕ್ಟ್ರಮ್ ಪ್ಲಸ್‌ನದೂ ಅದೇ ಕಥೆ. ಹಿಂಬದಿಯ ಎಡ್ಜ್ ಕನೆಕ್ಟರ್‌ಗೆ ಸಿಕ್ಕಿಸುವ ಇಂಟರ್‌ಫೇಸ್‌ಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಮಾಡಿದರು. ಹಾಗಾಗಿ ಆಟದ ಮೆನುವಿನಲ್ಲಿ ‘ಕೆಂಪ್‌ಸ್ಟನ್, ಸಿಂಕ್ಲೇರ್, ಕರ್ಸರ್, ಕೀಬೋರ್ಡ್’ ಎಂಬ ಪಟ್ಟಿ ಬರುತ್ತದೆ. ಆಟದಲ್ಲಿ ಆರಿಸಿದ್ದೂ ಎಮ್ಯುಲೇಟರ್‌ನಲ್ಲಿ ಆರಿಸಿದ್ದೂ ಒಂದೇ ಆಗಿರಬೇಕು.

ಕೆಂಪ್‌ಸ್ಟನ್ ಒಂದು ಪ್ರತ್ಯೇಕ ಪೋರ್ಟ್, ಅಂಕಿ 31. ಉಳಿದ ಮೂರೂ ಕೀಬೋರ್ಡ್‌ನ ಸಂಖ್ಯೆಗಳನ್ನು ಒತ್ತಿದಂತೆ ನಟಿಸುತ್ತವೆ, ಅಷ್ಟೇ. ಸಿಂಕ್ಲೇರ್ 1ರಲ್ಲಿ ಎಡ 6, ಬಲ 7, ಕೆಳಗೆ 8, ಮೇಲೆ 9, ಫೈರ್ 0. ಸಿಂಕ್ಲೇರ್ 2ರಲ್ಲಿ ಅದೇ ಕ್ರಮದಲ್ಲಿ 1, 2, 3, 4, 5. ಕರ್ಸರ್ ಬಗೆಯಲ್ಲಿ ಎಡ 5, ಕೆಳಗೆ 6, ಮೇಲೆ 7, ಬಲ 8, ಫೈರ್ 0.

ಪರೀಕ್ಷೆ ಮತ್ತೆ ಬೇಸಿಕ್‌ನಲ್ಲೇ. ಫ್ಯೂಸ್ ಎಮ್ಯುಲೇಟರ್‌ನಲ್ಲಿ ಬೇಸಿಕ್ ತೆರೆದು ಪ್ಯಾಡ್ ಬಲಕ್ಕೆ ಒತ್ತಿ. 7 ಬಂದರೆ ಸಿಂಕ್ಲೇರ್ 1, 2 ಬಂದರೆ ಸಿಂಕ್ಲೇರ್ 2, 8 ಬಂದರೆ ಕರ್ಸರ್. ಏನೂ ಬಾರದಿದ್ದರೆ ಕೆಂಪ್‌ಸ್ಟನ್ ಇರಬಹುದು. ಆಗ ಪ್ರಿಂಟ್ ಐಎನ್ 31 ಎಂಬುದನ್ನು ಗೋಟು ಜೊತೆ ಸುತ್ತಿಸಿ. ಸುಮ್ಮನಿದ್ದಾಗ 0, ಬಲಕ್ಕೆ 1, ಎಡಕ್ಕೆ 2, ಕೆಳಗೆ 4, ಮೇಲೆ 8, ಫೈರ್ 16. ಗಮನಿಸಿ, ಕಾಮೊಡೋರ್‌ನಲ್ಲಿ ಒತ್ತಿದರೆ ಅಂಕಿ ಇಳಿಯುತ್ತಿತ್ತು, ಇಲ್ಲಿ ಏರುತ್ತದೆ. 48ಕೆ ಯಂತ್ರದಲ್ಲಿ ಐಎನ್ ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಬರೆಯಲಾಗದು. ಕ್ಯಾಪ್ಸ್ ಶಿಫ್ಟ್ ಮತ್ತು ಸಿಂಬಲ್ ಶಿಫ್ಟ್ ಎರಡನ್ನೂ ಒಟ್ಟಿಗೆ ಒತ್ತಿ ಬಿಟ್ಟು, ಆಮೇಲೆ ಸಿಂಬಲ್ ಶಿಫ್ಟ್ ಜೊತೆ ಐ ಒತ್ತಬೇಕು. 128ಕೆ ಮೋಡ್‌ನಲ್ಲಿ ಸುಮ್ಮನೆ ಟೈಪ್ ಮಾಡಬಹುದು, ಪರೀಕ್ಷೆಗೆ ಅದೇ ಸುಖ.

ಫ್ಯೂಸ್‌ನಲ್ಲಿ ಎರಡು ಕಡೆ ಕೆಲಸ ಇದೆ, ಒಂದನ್ನು ಎಲ್ಲರೂ ಮರೆಯುತ್ತಾರೆ. ಆಪ್ಷನ್ಸ್, ಜಾಯ್‌ಸ್ಟಿಕ್ಸ್, ಜಾಯ್‌ಸ್ಟಿಕ್ 1 ಎಂಬಲ್ಲಿ ಬಗೆ ಆರಿಸಿದರೆ ಸಾಲದು. ಆಪ್ಷನ್ಸ್, ಪೆರಿಫೆರಲ್ಸ್, ಜನರಲ್ ಎಂಬಲ್ಲಿ ಕೆಂಪ್‌ಸ್ಟನ್ ಜಾಯ್‌ಸ್ಟಿಕ್‌ಗೆ ಟಿಕ್ ಹಾಕಲೂ ಬೇಕು. ಮೊದಲನೆಯದು ಪ್ಯಾಡನ್ನು ಇಂಟರ್‌ಫೇಸ್‌ಗೆ ಜೋಡಿಸುತ್ತದೆ, ಎರಡನೆಯದು ಇಂಟರ್‌ಫೇಸ್ಸನ್ನೇ ಯಂತ್ರಕ್ಕೆ ಸಿಕ್ಕಿಸುತ್ತದೆ. ಟಿಕ್ ಇಲ್ಲದೆ ಆಟದಲ್ಲಿ ಕೆಂಪ್‌ಸ್ಟನ್ ಆರಿಸಿದರೆ ಪೋರ್ಟ್ 31ರಿಂದ 0 ಬದಲು ಕಸ ಬರುತ್ತದೆ, ಅನೇಕ ಸಲ 255. ಆಟದ ಕಣ್ಣಿಗೆ ಎಲ್ಲ ದಿಕ್ಕೂ ಫೈರೂ ಒಟ್ಟಿಗೆ ಒತ್ತಿದಂತೆ! ಪಾತ್ರ ಹುಚ್ಚು ಹಿಡಿದವರಂತೆ ಒಂದೇ ಕಡೆ ಓಡುತ್ತಿದ್ದರೆ ಪ್ಯಾಡ್ ಬಿಚ್ಚಬೇಡಿ, ಆ ಟಿಕ್ ನೋಡಿ.

ಜಾಯ್‌ಸ್ಟಿಕ್ಕನ್ನೇ ಬೆಂಬಲಿಸದ ಆಟಗಳೂ ಉಂಟು: ಕ್ಯೂ ಮೇಲೆ, ಎ ಕೆಳಗೆ, ಒ ಎಡ, ಪಿ ಬಲ. ಆಟದಲ್ಲಿ ಕೀಗಳನ್ನು ಮರುನಿಗದಿ ಮಾಡುವ ಅವಕಾಶ ಇದ್ದರೆ ಎಮ್ಯುಲೇಟರ್‌ನಲ್ಲಿ ಸಿಂಕ್ಲೇರ್ 1 ಆರಿಸಿಕೊಂಡು, ಆಟ ‘ಎಡಕ್ಕೆ ಯಾವ ಕೀ’ ಎಂದು ಕೇಳಿದಾಗ ಪ್ಯಾಡನ್ನೇ ಎಡಕ್ಕೆ ಒತ್ತಿ. ಅದು 6 ಎಂದು ಬರೆದುಕೊಳ್ಳುತ್ತದೆ, ಕೆಲಸ ಮುಗಿಯಿತು. ಕೆಂಪ್‌ಸ್ಟನ್‌ನಲ್ಲಿ ಈ ಉಪಾಯ ನಡೆಯದು. ಉಳಿದ ಬಟನ್‌ಗಳಿಗೆ ಫ್ಯೂಸ್‌ನಲ್ಲಿ ಸ್ಪೆಕ್ಟ್ರಮ್‌ನ ಯಾವ ಕೀಯನ್ನಾದರೂ ಕೊಡಬಹುದು. ಎಂಟರ್, ಸ್ಪೇಸ್, ವಿರಾಮಕ್ಕಾಗಿ ಎಚ್, ಇಷ್ಟು ಕೊಟ್ಟುಕೊಂಡರೆ ಕೀಬೋರ್ಡ್ ಮುಟ್ಟುವ ಪ್ರಮೇಯ ಕಡಿಮೆ.

ಅಮಿಗಾ, ಬಿಬಿಸಿ, ಡಾಸ್

ಅಮಿಗಾದಲ್ಲಿ ಮೌಸ್ ಪೋರ್ಟ್ 1ರಲ್ಲಿ, ಜಾಯ್‌ಸ್ಟಿಕ್ ಪೋರ್ಟ್ 2ರಲ್ಲಿ. ಎಫ್‌ಎಸ್-ಯುಎಇ ಎಂಬ ಅಮಿಗಾ ಎಮ್ಯುಲೇಟರ್ ಮಾತ್ರ 0ಯಿಂದ ಎಣಿಸುತ್ತದೆ, ಅಲ್ಲಿ ಪೋರ್ಟ್ 0 ಮೌಸ್‌ಗೆ, ಪೋರ್ಟ್ 1 ಜಾಯ್‌ಸ್ಟಿಕ್‌ಗೆ. ಪ್ಯಾಡ್ ತಪ್ಪು ಪೋರ್ಟ್‌ನಲ್ಲಿದ್ದರೆ ವರ್ಕ್‌ಬೆಂಚ್ (ಅಮಿಗಾದ ಡೆಸ್ಕ್‌ಟಾಪ್) ಪರದೆಯಲ್ಲಿ ಗೊತ್ತಾಗುತ್ತದೆ: ದಿಕ್ಕು ಒತ್ತಿದಾಗ ಬಾಣ ಒಂಚೂರು ಅದುರುತ್ತದೆ, ಫೈರ್ ಒತ್ತಿದರೆ ಮೌಸ್‌ನ ಎಡ ಕ್ಲಿಕ್ ಆಗುತ್ತದೆ. ವಿಂಡೋಸ್‌ನ ಅಮಿಗಾ ಎಮ್ಯುಲೇಟರ್ ವಿನ್‌ಯುಎಇ ಬಳಸುವವರಿಗೆ ಗೇಮ್ ಪೋರ್ಟ್ಸ್ ಪುಟದಲ್ಲಿ ಎಲ್ಲವೂ ಇದೆ, ಆಟೊಫೈರ್ ಸಮೇತ. ಎರಡನೆಯ ಬಟನ್ ಬಳಸುವ ಆಟಗಳು ಕಡಿಮೆ. 1993ರ ಸಿಡಿ32 ಎಂಬ ಅಮಿಗಾ ಕನ್ಸೋಲ್‌ನ ಏಳು ಬಟನ್ ಪ್ಯಾಡ್ ಬಗೆಯನ್ನು ಅದನ್ನು ಕೇಳುವ ಆಟಗಳಿಗಷ್ಟೇ ಆರಿಸಿ, ಉಳಿದವಕ್ಕೆ ಸಾದಾ ಜಾಯ್‌ಸ್ಟಿಕ್ ಇರಲಿ.

ಬಿಬಿಸಿ ಮೈಕ್ರೋ ಇವೆಲ್ಲಕ್ಕಿಂತ ಬೇರೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ 1984ರ ಕ್ಲಾಸ್ ಯೋಜನೆಯಲ್ಲಿ ಭಾರತದ ಶಾಲೆಗಳಿಗೆ ಬಂದದ್ದು ಈ ಯಂತ್ರ, ಹಾಗಾಗಿ ನಮ್ಮಲ್ಲಿ ಕೆಲವರಿಗೆ ಮೊದಲು ಪರಿಚಯವಾದ ಕಂಪ್ಯೂಟರ್ ಇದೇ. ಇದರ ಜಾಯ್‌ಸ್ಟಿಕ್ ನಿಜಕ್ಕೂ ಅನಲಾಗ್, 15 ಪಿನ್‌ನದು. ಇಲ್ಲಿ ಡಿ-ಪ್ಯಾಡ್ ಬೇಡ, ಸ್ಟಿಕ್ಕೇ ಬೇಕು. ಬೇಸಿಕ್‌ನಲ್ಲಿ ಎಡಿವಾಲ್(1) (ಎ, ಡಿ, ವಿ, ಎ, ಎಲ್) ಓದಿದರೆ ನಡುವೆ 32,000ದ ಆಸುಪಾಸು, ಪೂರ್ತಿ ಎಡಕ್ಕೆ 65,000 ದಾಟುತ್ತದೆ, ಬಲಕ್ಕೆ 0. ಹೌದು, ಎಡವೇ ದೊಡ್ಡದು. ಎಮ್ಯುಲೇಟರ್ ತಲೆಕೆಳಗಾಗಿದೆ ಎಂದು ತಿರುಗಿಸಲು ಹೋಗಬೇಡಿ.

ವಿಂಡೋಸ್‌ಗಿಂತ ಹಿಂದಿನ ಪಿಸಿಗಳ ಡಾಸ್ ಆಟಗಳದ್ದೂ ಅನಲಾಗ್ ಜಾಯ್‌ಸ್ಟಿಕ್ಕೇ. ಅವುಗಳ ಎಮ್ಯುಲೇಟರ್ ಡಾಸ್‌ಬಾಕ್ಸ್‌ನ ಕಾನ್ಫಿಗ್ ಕಡತದ ಜಾಯ್‌ಸ್ಟಿಕ್ ವಿಭಾಗದಲ್ಲಿ ಬಗೆಯನ್ನು ಆಟೊದಿಂದ ‘2ಆ್ಯಕ್ಸಿಸ್’ಗೆ ಬದಲಿಸಿ ನೋಡಿ. ನಾಲ್ಕು ಅಕ್ಷ ನಿರೀಕ್ಷಿಸದ ಆಟಗಳು ಅದರಿಂದ ಸರಿಹೋಗುತ್ತವೆ. ಕೈಬಿಟ್ಟರೂ ವಿಮಾನ ಒಂದೇ ಕಡೆ ವಾಲುತ್ತಿದ್ದರೆ ಟೈಮ್ಡ್ ಎಂಬ ಆಯ್ಕೆಯನ್ನು ಟ್ರೂನಿಂದ ಫಾಲ್ಸ್ ಮಾಡಿ. ಆ ಕಾಲದ ಆಟಗಳು ಸ್ಟಿಕ್‌ನ ಸ್ಥಾನವನ್ನು ಅಳೆಯುತ್ತಿದ್ದುದು ಸಮಯ ಎಣಿಸುವ ಲೂಪ್‌ನಿಂದ. ಹಾಗಾಗಿ ಸೈಕಲ್ಸ್ (ಡಾಸ್‌ಬಾಕ್ಸ್‌ನ ವೇಗ) ಬದಲಿಸಿದ ಮೇಲೆ ಆಟದೊಳಗಿನ ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕಾಗಬಹುದು.

ರೆಟ್ರೊಆರ್ಕ್‌ನಲ್ಲಿ ಟೈಪ್ ಮಾಡಿದರೆ ಎಡವಟ್ಟು

ರೆಟ್ರೊಆರ್ಕ್ ಹುಟ್ಟಿದ್ದು ಕನ್ಸೋಲ್‌ಗಳ ಮನೆಯಲ್ಲಿ. ಕೀಬೋರ್ಡ್ ಅದಕ್ಕೆ ತನ್ನ ಹಾಟ್‌ಕೀಗಳ ಸಾಲು. ಸ್ಪೇಸ್ ಒತ್ತಿದರೆ ಆಟ ನಾಗಾಲೋಟ, ಪಿ ಒತ್ತಿದರೆ ವಿರಾಮ. ಅಷ್ಟೇ ಅಲ್ಲ, ಝಡ್, ಎಕ್ಸ್ ಮತ್ತು ಬಾಣದ ಕೀಗಳು ಪ್ಯಾಡ್‌ನ ಬಟನ್‌ಗಳಾಗಿಯೂ ಎಣಿಕೆಯಾಗುತ್ತವೆ. ಹೋಮ್ ಕಂಪ್ಯೂಟರ್ ಕೋರ್ ತೆರೆದ ಕೂಡಲೇ ಸ್ಕ್ರೋಲ್ ಲಾಕ್ ಒತ್ತಿ ಗೇಮ್ ಫೋಕಸ್ ಆನ್ ಮಾಡಿ, ಆಗ ಕೀಗಳು ನೇರ ಹಳೆಯ ಯಂತ್ರಕ್ಕೆ ಹೋಗುತ್ತವೆ. ಸ್ಕ್ರೋಲ್ ಲಾಕ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಹಾಟ್‌ಕೀ ಪಟ್ಟಿಯಿಂದ ಬೇರೆ ಕೀ ಕೊಟ್ಟುಕೊಳ್ಳಿ. ಸ್ಟಿಕ್ ಕೆಲಸ ಮಾಡಬೇಕಾದರೆ ಪೋರ್ಟ್ 1 ಕಂಟ್ರೋಲ್ಸ್ ಒಳಗೆ ಅನಲಾಗ್ ಟು ಡಿಜಿಟಲ್ ಎಂಬುದಕ್ಕೆ ಲೆಫ್ಟ್ ಅನಲಾಗ್ ಆರಿಸಿ. ಬದಲಾವಣೆಗಳನ್ನು ಕೋರ್ ರೀಮ್ಯಾಪ್ (ಎಲ್ಲ ಆಟಗಳಿಗೂ) ಆಗಿ ಅಲ್ಲ, ಗೇಮ್ ರೀಮ್ಯಾಪ್ (ಆ ಆಟಕ್ಕೆ ಮಾತ್ರ) ಆಗಿ ಉಳಿಸಿ. ಈ ಆಟಗಳಲ್ಲಿ ಒಂದಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದುವುದು ಅಪರೂಪ.

ಕೀಬೋರ್ಡ್‌ನಲ್ಲೇ ಆಡುವವರಿಗೆ ಒಂದು ಮಾತು. ಸಾದಾ ಕೀಬೋರ್ಡ್‌ಗಳಲ್ಲಿ ಕೆಲವು ಮೂರು ಕೀಗಳ ಜೋಡಣೆ ಒಟ್ಟಿಗೆ ತಲುಪುವುದಿಲ್ಲ. ಮೇಲೆ, ಎಡ ಮತ್ತು ಸ್ಪೇಸ್ ಅಂಥ ಕುಖ್ಯಾತ ತ್ರಿವಳಿ. ಓರೆಯಾಗಿ ಹೋಗುತ್ತ ಗುಂಡು ಹಾರದಿದ್ದರೆ ಫೈರ್ ಅನ್ನು ಕಂಟ್ರೋಲ್ ಕೀಗೆ ಬದಲಿಸಿ. ಶಿಫ್ಟ್ ಬೇಡ, ಐದು ಸಲ ಒತ್ತಿದರೆ ವಿಂಡೋಸ್‌ನ ಸ್ಟಿಕಿ ಕೀಸ್ ಪೆಟ್ಟಿಗೆ ಎದ್ದು ಬರುತ್ತದೆ.

ಹಳೆಯ ಒಂಬತ್ತು ಪಿನ್ ಸ್ಟಿಕ್ಕನ್ನು ಯುಎಸ್‌ಬಿಗೆ ತರುವುದು

1977ರ ಅಟಾರಿ ವಿಸಿಎಸ್ ಎಂಬ ಟಿವಿ ಆಟದ ಯಂತ್ರ ಶುರುಮಾಡಿದ ಒಂಬತ್ತು ಪಿನ್‌ನ ಜೋಡಣೆಯನ್ನೇ ಕಾಮೊಡೋರ್ ಮತ್ತು ಅಮಿಗಾ ಬಳಸಿದವು. ಪಿನ್ 1 ಮೇಲೆ, 2 ಕೆಳಗೆ, 3 ಎಡ, 4 ಬಲ, 6 ಫೈರ್, 7 ಐದು ವೋಲ್ಟ್, 8 ಗ್ರೌಂಡ್. 5 ಮತ್ತು 9 ಪ್ಯಾಡಲ್‌ಗೆ. ಸ್ವಿಚ್ ಒತ್ತಿದರೆ ಆ ಪಿನ್ 8ಕ್ಕೆ ಸೇರುತ್ತದೆ, ಒಳಗೆ ಬೇರೇನೂ ಇಲ್ಲ. ಇದನ್ನು ಯುಎಸ್‌ಬಿ ಮಾಡಲು ಬೇಕಾದ್ದು ಒಂದು ಪ್ರೊ ಮೈಕ್ರೊ ಬೋರ್ಡ್ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಆರ್ಡುಯಿನೊ ಬಗೆಯ ಬೋರ್ಡ್), ಒಂದು ಒಂಬತ್ತು ಪಿನ್ ಮೇಲ್ ಕನೆಕ್ಟರ್, ಒಂದು ಗೇಣು ತಂತಿ. ಬೋರ್ಡ್ ಎಟಿಮೆಗಾ32ಯು4 ಚಿಪ್‌ನದೇ ಆಗಬೇಕು. ಊನೊ ಆರ್3 ಬೋರ್ಡ್ ಆಗದು, ಅದರ ಮುಖ್ಯ ಚಿಪ್ ಯುಎಸ್‌ಬಿ ಮಾತಾಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕನೆಕ್ಟರನ್ನು ‘ಡಿಬಿ-9 ಮೇಲ್, ಸೋಲ್ಡರ್ ಟೈಪ್’ ಎಂದು ಕೇಳಿ. ಸ್ಟಿಕ್‌ನ ತುದಿಯಲ್ಲಿರುವುದು ಫೀಮೇಲ್, ನಿಮಗೆ ಬೇಕಾದ್ದು ಮೇಲ್.

ಮೊದಲು ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಸ್ಟಿಕ್ ಪರೀಕ್ಷಿಸಿ: ಒಂದು ಮೊನೆ ಪಿನ್ 8ಕ್ಕೆ, ಇನ್ನೊಂದು 1, 2, 3, 4, 6ಕ್ಕೆ ಸರದಿಯಂತೆ. ಒತ್ತಿದಾಗ ಮಾತ್ರ ಬೀಪ್ ಬರಬೇಕು. ಓಮ್ಸ್‌ನಲ್ಲಿ ನೋಡಿದಾಗ ಅಂಕಿ ಕುಣಿಯುತ್ತಿದ್ದರೆ ಒಳಗಿನ ತಗಡುಗಳಲ್ಲಿ ಕಿಲುಬಿದೆ. ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಮರಳು ಕಾಗದ ಹಾಕಬೇಡಿ.

ಬೆಸುಗೆ ಹೀಗೆ: ಕನೆಕ್ಟರ್‌ನ 1, 2, 3, 4 ಕ್ರಮವಾಗಿ ಬೋರ್ಡ್‌ನ 2, 3, 4, 5ಕ್ಕೆ, ಕನೆಕ್ಟರ್‌ನ 6 ಬೋರ್ಡ್‌ನ 6ಕ್ಕೆ, 8 ಗ್ರೌಂಡ್‌ಗೆ. ಅಮಿಗಾ ಮಾದರಿಯ ಎರಡನೆಯ ಬಟನ್ ಇದ್ದರೆ 9ನ್ನು ಬೋರ್ಡ್‌ನ 7ಕ್ಕೆ. ಕನೆಕ್ಟರ್‌ನ 7ನ್ನು ವಿಸಿಸಿಗೆ (ಬೋರ್ಡ್‌ನ ವಿದ್ಯುತ್ ಪಿನ್‌ಗೆ) ಸೇರಿಸಬೇಕಾದ್ದು ಸ್ಟಿಕ್‌ನಲ್ಲಿ ಆಟೊಫೈರ್ ಸರ್ಕ್ಯೂಟ್ ಇದ್ದರೆ ಮಾತ್ರ. ಬೆಸುಗೆ ಹಾಕುವ ಹಿಂಬದಿಯಿಂದ ನೋಡುವಾಗ ಪಿನ್‌ಗಳ ಕ್ರಮ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಕನೆಕ್ಟರ್‌ನ ಪ್ಲಾಸ್ಟಿಕ್ ಮೇಲೆ ಅಚ್ಚಾದ ಪುಟ್ಟ ಅಂಕಿಗಳನ್ನೇ ನಂಬಿ.

ಪ್ರೋಗ್ರಾಂನಲ್ಲಿ ಎಲ್ಲ ಕಾಲುಗಳನ್ನೂ ಇನ್‌ಪುಟ್ ಪುಲ್‌ಅಪ್ (ಒತ್ತದಿದ್ದಾಗ ಹೈ ಆಗಿಯೇ ಇರುವಂತೆ) ಮಾಡಿ, ಆಗ ಬೇರೆ ರೆಸಿಸ್ಟರ್ ಬೇಡ. ಲೋ ಎಂದರೆ ಒತ್ತಿದೆ ಎಂದರ್ಥ. ಆರ್ಡುಯಿನೊ ಜಾಯ್‌ಸ್ಟಿಕ್ ಲೈಬ್ರರಿ ಬಳಸುವಾಗ ಎಕ್ಸ್, ವೈ ಅಕ್ಷಗಳು ಮತ್ತು 2 ಬಟನ್ ಮಾತ್ರ ಘೋಷಿಸಿ. ಮೂಲ ಬೆಲೆಗಳನ್ನೇ ಬಿಟ್ಟರೆ ಅದು 32 ಬಟನ್‌ಗಳ, ಹತ್ತಾರು ಅಕ್ಷಗಳ ದೈತ್ಯನಂತೆ ಕಾಣಿಸಿಕೊಂಡು ಎಮ್ಯುಲೇಟರ್‌ಗಳನ್ನು ಗಲಿಬಿಲಿ ಮಾಡುತ್ತದೆ. ಸ್ಥಿತಿ ಬದಲಾದ ಮೇಲೆ 5 ಮಿಲಿಸೆಕೆಂಡ್ ಅದೇ ಸ್ವಿಚ್‌ನ ಮುಂದಿನ ಬದಲಾವಣೆಯನ್ನು ಕಡೆಗಣಿಸಿದರೆ ಒಂದು ಒತ್ತು ಎರಡಾಗುವುದಿಲ್ಲ. ಪ್ರೋಗ್ರಾಂ ಏರಿಸುವಾಗ ಬೋರ್ಡ್ 5 ವೋಲ್ಟ್ 16 ಮೆಗಾಹರ್ಟ್ಸ್‌ನದೋ 3.3 ವೋಲ್ಟ್ 8 ಮೆಗಾಹರ್ಟ್ಸ್‌ನದೋ ಖಚಿತಪಡಿಸಿಕೊಳ್ಳಿ. ತಪ್ಪಾಗಿ ಆರಿಸಿದರೆ ಯುಎಸ್‌ಬಿಯೇ ಕಾಣೆಯಾಗುತ್ತದೆ. ಹಾಗಾದರೆ ರೀಸೆಟ್ ಪಿನ್ನನ್ನು ಗ್ರೌಂಡ್‌ಗೆ ಎರಡು ಸಲ ಬೇಗ ಬೇಗ ಮುಟ್ಟಿಸಿ. ಸುಮಾರು 8 ಸೆಕೆಂಡ್ ಬೂಟ್‌ಲೋಡರ್ (ಹೊಸ ಪ್ರೋಗ್ರಾಂ ಬರಮಾಡಿಕೊಳ್ಳುವ ಭಾಗ) ಎಚ್ಚರವಾಗಿರುತ್ತದೆ, ಅಷ್ಟರಲ್ಲಿ ಮತ್ತೆ ಏರಿಸಿ.

ನಿಜವಾದ ಕಾಮೊಡೋರ್ 64 ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ಒಂಬತ್ತು ಪಿನ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. 90ರ ದಶಕದಲ್ಲಿ ನಮ್ಮ ಮನೆಗಳಲ್ಲಿದ್ದ ಟಿವಿ ವಿಡಿಯೋ ಗೇಮ್‌ಗಳ ಪ್ಯಾಡ್‌ಗಳಿಗೂ ಅನೇಕ ಸಲ ಇದೇ ಕನೆಕ್ಟರ್ ಇತ್ತು. ಅವುಗಳ ಒಳಗಿರುವುದು ಬಟನ್‌ಗಳನ್ನು ಸಾಲಾಗಿ ಕಳುಹಿಸುವ ಶಿಫ್ಟ್ ರಿಜಿಸ್ಟರ್, ಪಿನ್‌ಗಳ ಅರ್ಥವೇ ಬೇರೆ. ಸೆಗಾ ಮೆಗಾ ಡ್ರೈವ್ ಪ್ಯಾಡ್‌ಗೆ ಐದು ವೋಲ್ಟ್ ಬೇಕಾದ್ದು ಪಿನ್ 5ರಲ್ಲಿ. ಕಾಮೊಡೋರ್‌ನಲ್ಲಿ ಅದು 7ರಲ್ಲಿದೆ. ಸಿಕ್ಕಿಸಿದರೆ ಮೇಲ್ನೋಟಕ್ಕೆ ಆಡಬಹುದು, ಆದರೆ ಒಳಗಿನ ಚಿಪ್ ಕೀಬೋರ್ಡ್ ತಂತಿಗಳ ಮೇಲೆ ತನ್ನ ವೋಲ್ಟೇಜ್ ತಳ್ಳುತ್ತಿರುತ್ತದೆ, ಅದನ್ನು ಸಿಐಎ ತಾಳಿಕೊಳ್ಳಬೇಕು. ಎಂಎಸ್‌ಎಕ್ಸ್ ಎಂಬ ಇನ್ನೊಂದು ಬಗೆಯ ಹಳೆಯ ಕಂಪ್ಯೂಟರ್‌ನ ಎರಡು ಬಟನ್ ಪ್ಯಾಡ್‌ನಲ್ಲಿ ಎರಡನೆಯ ಬಟನ್ ಪಿನ್ 7ರಲ್ಲಿದೆ. ಕಾಮೊಡೋರ್‌ನಲ್ಲಿ ಅದನ್ನು ಒತ್ತಿದರೆ ಐದು ವೋಲ್ಟ್ ನೇರ ಗ್ರೌಂಡ್‌ಗೆ ಶಾರ್ಟ್. ಇವೆಲ್ಲಕ್ಕೂ ಅಡಾಪ್ಟರ್ ಬೇಕು. ಯಾವ ಸ್ಟಿಕ್ ಆದರೂ ಪವರ್ ಆರಿಸಿ ಸಿಕ್ಕಿಸಿ, ಪೋರ್ಟ್‌ನ ಬರಿ ಪಿನ್‌ಗಳಿಗೆ ಬೆರಳು ತಾಕಿಸಬೇಡಿ. ಸಿಐಎ ಚಿಪ್‌ಗಳು ಸ್ಥಿರ ವಿದ್ಯುತ್ತಿಗೆ ಸಾಯುತ್ತವೆ.

ಎಲ್ಲ ಸರಿಯಿದ್ದೂ ಜಿಗಿತ ತಡವಾದರೆ

ಯುರೋಪಿನ ಆಟಗಳು ಸೆಕೆಂಡಿಗೆ 50 ಫ್ರೇಮ್‌ನವು, ಹೆಚ್ಚಿನವು ಫ್ರೇಮ್‌ಗೆ ಒಂದು ಸಲ ಸ್ಟಿಕ್ ಓದುತ್ತವೆ. ಅಂದರೆ 20 ಮಿಲಿಸೆಕೆಂಡ್‌ಗೊಮ್ಮೆ. ಸಾದಾ ಯುಎಸ್‌ಬಿ ಪ್ಯಾಡ್ 125 ಹರ್ಟ್ಸ್‌ನಲ್ಲಿ ಓದಲ್ಪಟ್ಟರೆ ಹೆಚ್ಚೆಂದರೆ 8 ಮಿಲಿಸೆಕೆಂಡ್ ಸೇರುತ್ತದೆ, ಅದು ದೊಡ್ಡದಲ್ಲ. ತಡ ಬರುವುದು ಬೇರೆ ಕಡೆಯಿಂದ: ಟಿವಿಯ ಚಿತ್ರ ಸಂಸ್ಕರಣೆ, ವಿಸಿಂಕ್ (ಪರದೆಯ ತಾಳಕ್ಕೆ ಚಿತ್ರ ಕಾಯುವುದು), ಬ್ಲೂಟೂತ್. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಪ್ಯಾಡ್‌ಗೆ ತಂತಿ ಸಿಕ್ಕಿಸಿ, ಮಾನಿಟರ್ 50 ಹರ್ಟ್ಸ್ ಒಪ್ಪುವುದಾದರೆ ಅದಕ್ಕೇ ಇಡಿ. 60 ಹರ್ಟ್ಸ್‌ನಲ್ಲಿ 50 ಫ್ರೇಮ್‌ಗಳನ್ನು ಹಂಚಲಾಗದೆ ಚಲನೆ ಮುಗ್ಗರಿಸುತ್ತದೆ, ಅದನ್ನೂ ಅನೇಕರು ಪ್ಯಾಡ್‌ನ ತಪ್ಪೆಂದುಕೊಳ್ಳುತ್ತಾರೆ. ಇಷ್ಟಾದ ಮೇಲೂ ಸಾಲದಿದ್ದರೆ ರೆಟ್ರೊಆರ್ಕ್‌ನ ರನ್-ಅಹೆಡ್ (ಆಟವನ್ನು ಕೆಲವು ಫ್ರೇಮ್ ಮುಂದೋಡಿಸಿ ತೋರಿಸುವ ಆಯ್ಕೆ) ಅನ್ನು 1 ಫ್ರೇಮ್‌ಗೆ ಇಡಿ. ಆಟದೊಳಗೇ ಇರುವ ತಡಕ್ಕಿಂತ ಹೆಚ್ಚು ಕೊಟ್ಟರೆ ಜಿಗಿತದ ಮೊದಲ ಚಿತ್ರವೇ ನುಂಗಿಹೋಗುತ್ತದೆ. ಪಾತ್ರ ನೆಲದಿಂದ ಏಳದೆ ನೇರ ಗಾಳಿಯಲ್ಲಿ ಕಾಣಿಸಿಕೊಂಡರೆ ಅಂಕಿಯನ್ನು ಒಂದು ಇಳಿಸಿ.